ಧ್ವನಿಮತದಲ್ಲಿ ಕೇಳಿಸಿದ ‘ಅಂದ್’

ಮಸ್ಕತ್ತಿನ ಕರಾವಳಿ ಬಳಗದಲ್ಲಿ ಸನ್ಮಾನವಾಗದೆ ಉಳಿದವರು ಬಹಳ ಕಡಿಮೆ. ಊರಿನಿಂದ ಯಾರೇ ಬಂದು ವಿಮಾನ ಇಳಿಯಲಿ, ಅವರಿಗೊಂದು ಶಾಲು, ಒಂದು ಪೇಟ, ಒಂದು ಬುಟ್ಟಿ ಹಣ್ಣು ಕಾದಿರುತ್ತದೆ. ಯಾರೂ ಬಾರದ ವರ್ಷ ಬಳಗದವರು ತಮ್ಮತಮ್ಮೊಳಗೇ ಒಬ್ಬರಿಗೊಬ್ಬರು ಶಾಲು ಹೊದಿಸಿಕೊಂಡದ್ದೂ ಉಂಟು. ಹೊದಿಸುವುದಕ್ಕೆ ನೂರು ಕೈ ಮುಂದೆ ಬರುತ್ತವೆ. ಆದರೆ ಸನ್ಮಾನ ಪತ್ರ ಬರೆಯಲು, ಬರೆದದ್ದನ್ನು ಮೈಕಿನ ಮುಂದೆ ತಡವರಿಸದೆ ಓದಲು ಇದ್ದವಳು ಒಬ್ಬಳೇ, ಅಲ್ಲಿನ ಸೀಬ್ ಬಡಾವಣೆಯ ದಮಯಂತಿ.

ಅವಳಿಗೆ ಆ ಗಂಟಲು ಬಂದದ್ದು ತಾಯಿಯಿಂದ. ತಾಯಿ ನಡುಕೊಪ್ಪಲದ ಕಡಲ ದಡದಿಂದ ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಹೋಗುತ್ತಿದ್ದವಳು. ಅವಳು ಬೀದಿಯ ಆ ತುದಿಯಲ್ಲಿ ‘ಬೂತಾಯಿ’ ಎಂದು ಕೂಗಿದರೆ ಈ ತುದಿಯ ಮನೆಯ ಬೆಕ್ಕು ಎದ್ದು ಕೂರುತ್ತಿತ್ತಂತೆ. ಮಗಳು ಬಿ.ಕಾಂ. ಮಾಡಿದಳು, ಸುಕೇಶನನ್ನು ಮದುವೆಯಾಗಿ ಒಮಾನಿಗೆ ಬಂದಳು, ಕಾರ್ಗೋ ಕಂಪನಿಯೊಂದರಲ್ಲಿ ಬಿಲ್ಲು ಮಾಡುವ ಕೆಲಸ ಹಿಡಿದಳು. ಗಂಟಲು ಮಾತ್ರ ಹಾಗೆಯೇ ಉಳಿಯಿತು. ಬಳಗದ ವೇದಿಕೆಯಲ್ಲಿ ಅವಳು ‘ಅಜಾತಶತ್ರುವೇ’ ಎಂದು ಶುರುಮಾಡಿದರೆ ಹಿಂದಿನ ಸಾಲಿನಲ್ಲಿ ಮೊಬೈಲು ನೋಡುತ್ತ ಕೂತವರೂ ಒಮ್ಮೆ ತಲೆಯೆತ್ತುತ್ತಿದ್ದರು. ಆಮೇಲೆ ಮತ್ತೆ ತಗ್ಗಿಸುತ್ತಿದ್ದರು.

ಸನ್ಮಾನ ಪತ್ರವನ್ನು ಯಾರೂ ಕೇಳುವುದಿಲ್ಲ. ಇದು ದಮಯಂತಿಗೆ ಮೊದಲ ವರ್ಷವೇ ಗೊತ್ತಾಗಿತ್ತು. ಕೊಡುಗೈ ದಾನಿ, ಸರಳತೆಯ ಸಾಕಾರಮೂರ್ತಿ, ನೊಂದವರ ಆಶಾಕಿರಣ ಎಂಬ ಮಾತುಗಳು ಅವಳ ಬಳಿ ಹೋಟೆಲಿನಲ್ಲಿ ದೋಸೆ ಹಿಟ್ಟು ಇರುವ ಹಾಗೆ ಸದಾ ಸಿದ್ಧ. ಯಾರಿಗೆ ಹುಯ್ದರೂ ಆದೀತು. ಓದುವವಳು ಉಸಿರೆಳೆದುಕೊಳ್ಳಲು ಎಲ್ಲಿ ನಿಲ್ಲುತ್ತಾಳೋ ಅಲ್ಲಿ ಸಭೆ ಚಪ್ಪಾಳೆ ಹೊಡೆಯುತ್ತದೆ, ಅಷ್ಟೆ. ಹೀಗೆ ಎಷ್ಟೋ ಜನರನ್ನು ಅವಳು ಆಕಾಶಕ್ಕೇರಿಸಿದ್ದಳು. ಯಾರೂ ಬಿದ್ದು ಪೆಟ್ಟು ಮಾಡಿಕೊಂಡಿರಲಿಲ್ಲವಾದ್ದರಿಂದ ಅವಳೂ ತಲೆ ಕೆಡಿಸಿಕೊಂಡಿರಲಿಲ್ಲ.

ತಲೆ ಕೆಡುವ ದಿನ ಬಂದದ್ದು ಕಳೆದ ಚಳಿಗಾಲದ ಕೊನೆಯಲ್ಲಿ. ಅವಳ ಕಂಪನಿಯ ಮ್ಯಾನೇಜರ್ ವಿಶಾಲ್ ಅವರೇ ಬಳಗದ ಅಧ್ಯಕ್ಷರೂ ಹೌದು. ಆಫೀಸಿನಲ್ಲಿ ಸರ್, ಬಳಗದಲ್ಲಿ ವಿಶಾಲಣ್ಣ. ಆ ದಿನ ಅವರು ಆಫೀಸಿನ ಕ್ಯಾಬಿನ್ನಿಗೆ ಕರೆದು ಬಳಗದ ಮಾತು ತೆಗೆದರು.

“ನಮ್ಮ ಶಾಸಕ ವಾರಿಜಾಕ್ಷಣ್ಣ ಬರ್ತಿದ್ದಾರೆ ದಮಯಂತಿ. ಮುಂದಿನ ವಾರದ ಶುಕ್ರವಾರ, ಬೌಷರಿನ ಹೋಟೆಲಲ್ಲಿ ಪ್ರೋಗ್ರಾಂ. ನೀವು ಅವರದ್ದೇ ಕ್ಷೇತ್ರದವರಲ್ವಾ? ಪತ್ರ ಭರ್ಜರಿ ಆಗ್ಬೇಕು.”

“ಹೌದು ಸರ್.”

“ಒಂದು ಸಾಲು ಮಾತ್ರ ಬೇಕೇ ಬೇಕು. ಕಡಲತೀರದ ಮಸೂದೆಯನ್ನು ಸದನದಲ್ಲಿ ವಿರೋಧಿಸಿ ಮೀನುಗಾರ ಹೆಂಗಸರ ಪರ ನಿಂತವರು ಅಂತ. ಅವರೇ ಹೇಳಿ ಕಳಿಸಿದ್ದಾರೆ. ಕೊಪ್ಪಲದ ಹೆಣ್ಣುಮಗಳೇ ಅದನ್ನು ಓದಿದ್ರೆ ಅದಕ್ಕೊಂದು ತೂಕ ಉಂಟಲ್ಲ.”

ಕೊಪ್ಪಲದ ಹೆಣ್ಣುಮಗಳು ತಲೆಯಾಡಿಸಿ ಹೊರಗೆ ಬಂದಳು, ಆದರೆ ಆ ಸಾಲು ಅವಳ ಬೆನ್ನು ಬಿಡಲಿಲ್ಲ. ಯಾಕೆಂದರೆ ಆ ಮಸೂದೆ ಅವಳಿಗೆ ಬರೀ ಸುದ್ದಿಯಲ್ಲ. ಅವಳ ಅಕ್ಕ ಜಲಜ ಇವತ್ತಿಗೂ ನಡುಕೊಪ್ಪಲದ ಮರಳಿನ ಮೇಲೆ ಬಲೆ ಹಾಸಿ ಮೀನು ಒಣಗಿಸುತ್ತಾಳೆ. ಅವಳ ಜೊತೆ ಊರಿನ ಇನ್ನಷ್ಟು ಹೆಂಗಸರು. ಆ ಮರಳು ಅಜ್ಜಿಯ ಕಾಲದಿಂದ ಅವರದ್ದೇ, ಕಾಗದದಲ್ಲಿ ಮಾತ್ರ ಸರಕಾರದ್ದು. ಮಸೂದೆ ಪಾಸಾದ ಮೇಲೆ ಆ ಮರಳನ್ನು ಯಾವುದೋ ಕಂಪನಿಗೆ ಪ್ರವಾಸಿಗರ ಜೆಟ್ಟಿ ಕಟ್ಟಲು ಕೊಡಬಹುದು ಎಂದಾಯಿತು. ಬೇಲಿಯ ಕಂಬಗಳೂ ಬಂದು ಬಿದ್ದವು. ಹೆಂಗಸರು ತಕರಾರು ಹಾಕಿದರು. ಬದಲಿಗೆ ಊರ ಒಳಗಡೆ, ಕಡಲ ಗಾಳಿ ಸುಳಿಯದ ಕಡೆ ಒಂದು ಶೆಡ್ಡು ಕೊಡುತ್ತೇವೆ ಎಂದು ಅಧಿಕಾರಿಗಳು ಹೇಳಿದರು. ಶಾಸಕರ ಸನ್ಮಾನ ಕಳೆದು ಬರುವ ಸೋಮವಾರ ವಿಚಾರಣೆ. ಹೆಂಗಸರು ಒಪ್ಪಿದರೆ ಮರಳು ಹೋಯಿತು.

ಅದೇ ಸಂಜೆ ಅಕ್ಕನ ಫೋನು ಬಂತು. ಅಕ್ಕತಂಗಿಯರ ಮಾತು ಯಾವಾಗಲೂ ತುಳುವಿನಲ್ಲೇ, ಬೈಗುಳದಿಂದಲೇ ಶುರು. ಆ ದಿನ ಬೈಗುಳ ಇರಲಿಲ್ಲ.

“ದಮ್ಮು, ಶಾಸಕರು ಇಲ್ಲಿ ಬಂದಿದ್ರು. ನಾನು ಸದನದಲ್ಲಿ ನಿಮ್ಮ ಪರ ನಿಂತವ, ಒಬ್ಬನೇ ಎಂತ ಮಾಡ್ಲಿ, ಈಗ ನನ್ನನ್ನು ನಂಬಿ ಶೆಡ್ಡಿಗೆ ಒಪ್ಪಿಕೊಳ್ಳಿ ಅಂತ ಹೇಳಿ ಹೋದ್ರು. ಅರ್ಧ ಜನರಿಗೆ ಅಳುವೇ ಬಂತು. ನಮ್ಮವರೇ ಹೇಳುವಾಗ ಒಪ್ಪುವ ಅಂತಿದ್ದಾರೆ.”

“ನಿನಗೆ ಎಂತ ಕಾಣ್ತದೆ ಅಕ್ಕ?”

“ಮೀನು ಹಾಳಾದ್ದು ನನಗೆ ಕಾಣ್ತದೆ, ಮನುಷ್ಯರದ್ದು ಕಾಣುದಿಲ್ಲ. ಅದಕ್ಕೇ ನಿನ್ನ ಹತ್ರ ಕೇಳುದು. ನೀನು ಅವರ ಬಗ್ಗೆ ಓದ್ತಿಯಂತಲ್ಲ ಅಲ್ಲಿ, ಅವರೇ ಹೇಳಿದ್ರು. ಓದುವ ಮೊದ್ಲು ನೋಡಿ ಓದು. ಇಲ್ಲಿ ಎಲ್ಲರೂ ನಮ್ಮ ಮನೆಯಲ್ಲಿ ಕೂತು ಮೊಬೈಲಲ್ಲಿ ಲೈವ್ ನೋಡ್ತೇವೆ. ನೀನು ಅವರು ನಮ್ಮ ಪರ ಅಂತ ಹೇಳಿದ್ರೆ ಸೋಮವಾರ ಒಪ್ಪುದೇ. ಎಲ್ಲರೂ ಹಾಗೇ ಮಾತಾಡಿಕೊಂಡಾಗಿದೆ.”

ಫೋನು ಇಟ್ಟ ಮೇಲೆ ದಮಯಂತಿ ಬಾಲ್ಕನಿಯ ಬಟ್ಟೆ ತೆಗೆಯಲು ಹೋಗಿ ಬಟ್ಟೆ ಹಿಡಿದುಕೊಂಡೇ ನಿಂತಳು. ಸೀಬಿನ ಕಡಲ ಕಡೆಯಿಂದ ಗಾಳಿ ಬೀಸಿದಾಗ ಒಣಮೀನಿನ ವಾಸನೆ ಬರುವುದುಂಟು. ಪಕ್ಕದ ಫ್ಲ್ಯಾಟಿನವರು ಕಿಟಕಿ ಮುಚ್ಚುತ್ತಾರೆ. ಅವಳು ತೆರೆಯುತ್ತಾಳೆ. ಆ ಸಂಜೆ ಮಾತ್ರ ಅವಳಿಗೆ ಆ ವಾಸನೆಯೂ ಬೇಡವಾಯಿತು, ಹೆದರಿಕೆಯಾಯಿತು. ತಾನು ಇಷ್ಟು ವರ್ಷ ಗಾಳಿಗೆ ತೂರಿದ ಮಾತುಗಳಲ್ಲಿ ಒಂದು ಹೋಗಿ ಅಕ್ಕನ ಮರಳಿನ ಮೇಲೆ ಬೀಳುತ್ತದೆ ಎಂದು ಅವಳು ಎಣಿಸಿರಲಿಲ್ಲ.

ಶಾಸಕರ ಪಿ.ಎ. ಮರುದಿನವೇ ಪರಿಚಯ ಕಳಿಸಿದ. ಓದಿದರೆ ಆ ಸದನ ನಿಂತಿರುವುದೇ ವಾರಿಜಾಕ್ಷಣ್ಣನ ಹೆಗಲ ಮೇಲೆ ಅನ್ನಿಸಬೇಕು. ಮರಳು ದಂಧೆಯ ವಿರುದ್ಧ ಗುಡುಗಿದವರು. ಕನ್ನಡ ಶಾಲೆ ಮುಚ್ಚಲು ಬಿಡದವರು. ದೋಣಿಗಳಿಗೆ ಅಗ್ಗದ ಡೀಸೆಲ್ ತಂದವರು. ತಾಲೂಕು ಆಸ್ಪತ್ರೆಗೆ ಹೋರಾಡಿದವರು. ಕಡಲತೀರದ ಮಸೂದೆಯನ್ನು ಕಟುವಾಗಿ ವಿರೋಧಿಸಿದವರು. ಬೆನ್ನಿಗೇ ಶಾಸಕರ ಫೋನೂ ಬಂತು.

“ದಮಯಂತಿಯಕ್ಕ ಅಲ್ವಾ? ನಾನು ವಾರಿಜಾಕ್ಷ. ನಿಮ್ಮ ಅಮ್ಮ ನಮ್ಮ ಮನೆಗೂ ಮೀನು ತರ್ತಿದ್ರು.”

“ನಿಮ್ಮ ಮನೆಗಾ? ಅಷ್ಟು ದೂರ ಬರ್ತಿದ್ರಾ ಅಣ್ಣ?”

“ಅಂದಂದ್.”

ಅಂದ್ ಎಂದರೆ ತುಳುವಿನಲ್ಲಿ ಹೌದು. ಶಾಸಕರು ಅದನ್ನು ಒಂದೊಂದಾಗಿ ಹೇಳುವವರಲ್ಲ, ಎರಡೆರಡು ಜೋಡಿಸಿ, ಕೊನೆಯನ್ನು ಎಳೆದು ಹೇಳುತ್ತಿದ್ದರು. ಅವಳು ಮರಳು ದಂಧೆ ನಿಲ್ಲಬೇಕಲ್ಲವಾ ಎಂದು ಕೇಳಿದಳು. ಅಂದಂದ್ ಎಂದರು. ಆದರೂ ಬಡವರಿಗೆ ಮನೆ ಕಟ್ಟಲು ಮರಳು ಸಿಗಬೇಕಲ್ಲ ಎಂದಳು. ಅದಕ್ಕೂ ಅಂದಂದ್. ಕನ್ನಡ ಶಾಲೆ ಉಳಿಯಬೇಕು, ಅಂದಂದ್. ಇಂಗ್ಲಿಷ್ ಶಾಲೆಯೂ ಬೇಕು, ಅಂದಂದ್. ಎದುರಿಗೆ ಇರುವವರಿಗೆ ಬೇಸರ ಮಾಡುವುದು ಆ ಮನುಷ್ಯನಿಗೆ ಹುಟ್ಟಿನಿಂದಲೇ ಬಂದಿರಲಿಲ್ಲ. ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಮಂಡೆಬಿಸಿಯೂ ಆಯಿತು. ಇಂಥವರು ಮತ ಹಾಕುವಾಗ ಏನು ಹೇಳಿರಬಹುದು?

ಶನಿವಾರ ರಜೆ. ಗಂಡ ಸುಕೇಶ ಗಾಡಿಗಳ ವರ್ಕ್‌ಶಾಪಿನಲ್ಲಿ ಗಿರಾಕಿಗಳ ದೂರು ಕೇಳುವ ಕೆಲಸದವನು. ರಜೆಯ ದಿನ ಯಾರ ದೂರೂ ಬೇಡ ಎನ್ನುವವನು. ಅವನನ್ನೂ ಕೂರಿಸಿಕೊಂಡು ಅವಳು ವಿಧಾನಸಭೆಯ ಕಲಾಪ ಹುಡುಕಿದಳು. ಡೀಸೆಲಿನ ಮಾತು ನಿಜವಾಗಿತ್ತು. ವಾರಿಜಾಕ್ಷಣ್ಣ ಮತ್ತೆ ಮತ್ತೆ ಎದ್ದು ನಿಂತು ಮಂತ್ರಿಯನ್ನು ಬಿಡದೆ ಹಿಡಿದು ಮಾತು ಪಡೆದಿದ್ದರು. ಅವಳು ಸಂತೋಷದಿಂದ ಬರೆದುಕೊಂಡಳು. ಸಣ್ಣ ಶಾಲೆಗಳ ಬಗ್ಗೆಯೂ ಚೆನ್ನಾಗಿ ಮಾತಾಡಿದ್ದರು. ಮರಳಿನ ಗುಡುಗು ಮಾತ್ರ ಸದನದ ಹೊರಗೆ, ಪತ್ರಿಕೆಯವರ ಮುಂದೆ ಗುಡುಗಿದ್ದು. ಇರಲಿ, ಮಾತಿನದ್ದು ಹೀಗಾಯಿತು. ಮತ? ಯಾವ ಮಸೂದೆ ತೆಗೆದರೂ ಕೊನೆಯಲ್ಲಿ ಇದ್ದದ್ದು ಒಂದೇ ಸಾಲು, ಧ್ವನಿಮತದಿಂದ ಅಂಗೀಕಾರ. ಯಾರ ಹೆಸರೂ ಇಲ್ಲ.

“ಧ್ವನಿಮತ ಅಂದ್ರೆ ಎಂತ ಮಾರಾಯ್ತಿ?” ಸುಕೇಶ ಕೇಳಿದ.

“ಹೌದು ಅನ್ನುವವರು ಹೌದು ಅಂತ ಕೂಗುದು, ಇಲ್ಲ ಅನ್ನುವವರು ಇಲ್ಲ ಅಂತ ಕೂಗುದು. ಯಾವುದು ಜೋರು ಅಂತ ಸ್ಪೀಕರ್ ಹೇಳ್ತಾರೆ.”

“ಅಂದ್ರೆ ಬೊಬ್ಬೆ. ಅಷ್ಟು ಜನ ಒಟ್ಟಿಗೆ ಬೊಬ್ಬೆ ಹಾಕಿದ್ರೆ ಯಾರ ಬಾಯಿ ಅಂತ ಹೇಗೆ ಗೊತ್ತಾಗುದು? ಇದು ಭಾರೀ ಲಾಯ್ಕದ ವ್ಯವಸ್ಥೆ. ನಮ್ಮ ವರ್ಕ್‌ಶಾಪಿಗೂ ಬೇಕಿತ್ತು.”

ಕಡಲತೀರದ ಮಸೂದೆಯ ದಿನದ ವೀಡಿಯೋ ಸಿಕ್ಕಿತು. ಕ್ಯಾಮೆರಾ ಇದ್ದದ್ದು ಸ್ಪೀಕರ್ ಮುಖದ ಮೇಲೆ. ಅವರು ಕಲಮು ಕಲಮಾಗಿ ಓದುತ್ತ, ಪರವಾಗಿರುವವರು ಹೌದು ಎನ್ನಿ ಎನ್ನುತ್ತಿದ್ದರು. ಕಾಣದ ಕಡೆಯಿಂದ ‘ಹೌದು’ ಎಂದು ಒಂದೇ ಸದ್ದು ಏಳುತ್ತಿತ್ತು. ಸುಕೇಶನಿಗೆ ಜೊಂಪು ಹತ್ತಿತು. ದಮಯಂತಿ ಇದ್ದಕ್ಕಿದ್ದಂತೆ ನೆಟ್ಟಗೆ ಕೂತಳು. ವೀಡಿಯೋ ಹಿಂದಕ್ಕೆ ಎಳೆದಳು. ಮತ್ತೆ ಎಳೆದಳು.

ಎಲ್ಲರ ಹೌದು ಮುಗಿಯುವ ಹೊತ್ತಿಗೆ, ಅದರ ಬಾಲಕ್ಕೆ ಅಂಟಿಕೊಂಡು, ಒಂದು ‘ಅಂದಂದ್’. ಕೊನೆ ಎಳೆದದ್ದು.

“ಯಾರೋ ಕೆಮ್ಮಿದ್ದು,” ಎಂದ ಸುಕೇಶ. ಅವಳು ಇನ್ನೊಮ್ಮೆ ಹಾಕಿದಳು. ಮುಂದಿನ ಕಲಮಿಗೂ ಅದೇ ಬಂತು. ಅವನ ಜೊಂಪು ಹಾರಿತು. “ಅಯ್ಯೋ, ಇದು ತುಳು ಮಾರಾಯ್ತಿ.”

ವಿಧಾನಸಭೆಯಲ್ಲಿ ಧ್ವನಿಗೆ ಹೆಸರಿಲ್ಲ, ಸರಿ. ಆದರೆ ನಾಲಗೆಗೆ ಊರು ಇರುತ್ತದಲ್ಲ. ಸದನದ ಮಾತು ಬರೆದುಕೊಳ್ಳುವವರಿಗೆ ಅದು ಕೇಳಿಸಿದರೂ ಅರ್ಥವಾಗಿರಲಿಕ್ಕಿಲ್ಲ. ಸೀಬಿನ ಒಂದು ಫ್ಲ್ಯಾಟಿನಲ್ಲಿ ಕೂತವಳಿಗೆ ಆಯಿತು. ಆದ ಕೂಡಲೇ ಅವಳು ವೀಡಿಯೋ ನಿಲ್ಲಿಸಿದಳು.

ಸುಕೇಶ ಅವಳಿಗಿಂತ ನಿಧಾನದವನು. “ನೋಡು, ಕರಾವಳಿಯಿಂದ ಹೋದವರು ಅವರೊಬ್ಬರೇ ಅಲ್ಲ. ತುಳು ಬರುವವರು ಇನ್ನೂ ಇದ್ದಾರೆ ಅಲ್ಲಿ. ಒಂದು ಶಬ್ದ ಹಿಡ್ಕೊಂಡು ಒಬ್ಬರ ಮಾನ ತೆಗೆಯುದು ಸರಿಯಾ?” ಎಂದ. ಸರಿಯಲ್ಲ ಎಂದು ಅವಳಿಗೂ ಗೊತ್ತಿತ್ತು. ಹಾಗೆಂದು ವಿರೋಧಿಸಿದರು ಎಂದು ಓದುವುದು ಸರಿಯೇ? ಆ ವಾರವಿಡೀ ಅವಳಿಗೆ ಅನ್ನ ರುಚಿಸಲಿಲ್ಲ. ಅಕ್ಕ ದಿನಾ ಫೋನು ಮಾಡಿ ‘ಗೊತ್ತಾಯ್ತಾ’ ಎಂದು ಕೇಳುತ್ತಿದ್ದಳು. ‘ಇನ್ನೂ ಇಲ್ಲ ಅಕ್ಕ’ ಎಂದು ಹೇಳಿ ಹೇಳಿ ತಂಗಿಗೆ ತನ್ನ ಮೇಲೇ ಸಿಟ್ಟು ಬಂತು.

ಗುರುವಾರ ಅವಳು ಗಟ್ಟಿಮನಸ್ಸು ಮಾಡಿ ವಿಶಾಲ್ ಕ್ಯಾಬಿನ್ನಿಗೆ ಹೋದಳು.

“ಸರ್, ಆ ಕಡಲತೀರದ ಸಾಲು ಬಿಡುವನಾ? ಬೇರೆ ಎಲ್ಲ ಚೆನ್ನಾಗಿ ಬಂದಿದೆ.”

ವಿಶಾಲ್ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. “ಆ ಸಾಲಿಗಾಗಿಯೇ ಅವರು ಬರುದು ದಮಯಂತಿ. ನೀವು ಕೊಟ್ಟ ಪತ್ರಕ್ಕೆ ನಾನೇ ಅದನ್ನು ಸೇರಿಸಿ ಪ್ರಿಂಟಾಗಿ ಫ್ರೇಮೂ ಆಗಿದೆ. ಖಲಾಸ್, ಇನ್ನು ಅದರ ಮಾತು ಬೇಡ.” ಆಮೇಲೆ ಬೇರೆ ಏನೋ ನೆನಪಾದವರ ಹಾಗೆ, “ನಿಮ್ಮ ರೆಸಿಡೆಂಟ್ ಕಾರ್ಡಿನ ರಿನ್ಯೂವಲ್ ಈ ತಿಂಗಳೇ ಅಲ್ವಾ?” ಎಂದರು.

ಕಂಪನಿ ಸಹಿ ಹಾಕದಿದ್ದರೆ ಆ ಕಾರ್ಡೂ ಇಲ್ಲ, ಕೆಲಸವೂ ಇಲ್ಲ. ಅವರು ಕೆಟ್ಟ ಮನುಷ್ಯರೇನಲ್ಲ. ದಮಯಂತಿಗೆ ಕಷ್ಟಕಾಲದಲ್ಲಿ ಕೆಲಸ ಕೊಟ್ಟವರೇ. ಆದರೆ ಒಳ್ಳೆಯವರು ಇಂಥ ಮಾತನ್ನು ಇಷ್ಟು ಮೆತ್ತಗೆ ಹೇಳಲು ಎಲ್ಲಿ ಕಲಿಯುತ್ತಾರೋ ದೇವರಿಗೇ ಗೊತ್ತು. ಅವಳು ‘ಹೌದು ಸರ್’ ಎಂದು ಹೊರಗೆ ಬಂದಳು. ಆ ಕಂಪನಿಗೆ ಸೇರಿದ ಲಾಗಾಯ್ತಿನಿಂದ ಅವರಿಗೆ ಅವಳು ಹೇಳಿದ ಉತ್ತರ ಅದೊಂದೇ.

ಶುಕ್ರವಾರ ಸಂಜೆ ಬೌಷರಿನ ಹೋಟೆಲಿನ ಹಾಲು ತುಂಬಿತ್ತು. ಜರಿ ಸೀರೆಗಳು, ಸೆಂಟಿನ ಘಮ, ಓಡಾಡುವ ಮಕ್ಕಳು. ವೇದಿಕೆಯ ಹಿಂದಿನ ಸಣ್ಣ ಕೋಣೆಯಲ್ಲಿ ಶಾಸಕರು ಕಡಕ್ ಚಹಾ ಕುಡಿಯುತ್ತ ಒಬ್ಬರೇ ಕೂತಿದ್ದರು. ಪಿ.ಎ. ಹಾರ ತರಲು ಹೋಗಿದ್ದ. ದಮಯಂತಿ ಒಳಗೆ ಬಂದಾಗ ಅವರು ಎದ್ದು ನಿಂತು ಕೈ ಮುಗಿದರು. ಅದು ಅವಳಿಗೆ ಇನ್ನಷ್ಟು ಕಷ್ಟವಾಯಿತು. ಅವಳು ತುಳುವಿನಲ್ಲೇ ಕೇಳಿದಳು.

“ಅಣ್ಣ, ಬೇಸರ ಮಾಡ್ಬೇಡಿ. ಕಡಲತೀರದ ಮಸೂದೆಯ ದಿನ ಸದನದಲ್ಲಿ ‘ಅಂದಂದ್’ ಅಂದದ್ದು ನೀವೇ ಅಲ್ವಾ?”

ಅವರು ಮೊದಲು ನಕ್ಕರು. ಅವಳು ನಗಲಿಲ್ಲ. ಅವರ ನಗು ಒಂಟಿಯಾಗಿ ನಿಂತುಹೋಯಿತು.

“ಯಾರು ಹೇಳಿದ್ದು?”

“ಯಾರೂ ಹೇಳ್ಲಿಲ್ಲ. ವೀಡಿಯೋದಲ್ಲಿ ಕೇಳಿಸಿತು.”

ಶಾಸಕರು ಲೋಟ ಕೆಳಗಿಟ್ಟರು. ಅಲ್ಲ ಎಂದುಬಿಡುತ್ತಾರೆ ಎಂದು ಅವಳು ಕಾದಳು. ಅಲ್ಲ ಎಂದಿದ್ದರೆ ಅವಳು ಬಹುಶಃ ಒಪ್ಪಿಬಿಡುತ್ತಿದ್ದಳು, ಒಳಗೊಳಗೇ ಹಾಗಾಗಲಿ ಎಂದು ಆಸೆಪಟ್ಟಿದ್ದಳು ಕೂಡ. ಆದರೆ ಆ ಮನುಷ್ಯ ತುಳುವಿನಲ್ಲಿ ಸುಳ್ಳು ಹೇಳಲು ಅಷ್ಟು ಪಳಗಿರಲಿಲ್ಲ.

“ಪಕ್ಷದ ವಿಪ್ ಇತ್ತಕ್ಕ. ಇಲ್ಲ ಅಂದಿದ್ರೆ ಮುಂದಿನ ಸಲ ಟಿಕೇಟ್ ಇಲ್ಲ. ಟಿಕೇಟ್ ಇಲ್ಲದ ಶಾಸಕನಿಂದ ನಿಮ್ಮ ಅಕ್ಕನಿಗೆ ಎಂತ ಉಪಕಾರ ಆಗ್ತದೆ? ಸುಮ್ಮನೆ ಕೂರುವ ಅಂತಲೇ ಇದ್ದೆ. ಅಷ್ಟು ಜನ ಹೌದು ಅನ್ನುವಾಗ ಬಾಯಿ ಕೇಳ್ಲಿಲ್ಲ.” ಅವರು ಕರವಸ್ತ್ರದಿಂದ ಮುಖ ಒರೆಸಿಕೊಂಡರು. “ಶೆಡ್ಡು ಮಂಜೂರು ಮಾಡಿಸಿದ್ದು ನಾನೇ. ಅಷ್ಟಾದ್ರೂ ಸಿಗ್ಲಿ ಅಂತ.”

ದಮಯಂತಿಗೆ ಅವರ ಮೇಲೆ ಕನಿಕರ ಬಂತು. ಬಂದದ್ದನ್ನು ಮುಚ್ಚಿಡಲೂ ಇಲ್ಲ. “ಹಾಗಾದ್ರೆ ಅದನ್ನೇ ಅವರ ಹತ್ರ ಹೇಳಿ ಅಣ್ಣ. ಹೌದು ಅಂದೆ, ಹೀಗೆ ಕಷ್ಟ ಇತ್ತು ಅಂತ. ಆಮೇಲೆ ಶೆಡ್ಡು ಬೇಕಾ ಬೇಡ್ವಾ ಅವರೇ ನೋಡ್ಲಿ.”

“ಹಾಗೆ ಹೇಳಿದ್ರೆ ಒಪ್ತಾರಾ ಅವರು?”

ಅಷ್ಟರಲ್ಲಿ ಪಿ.ಎ. ಹಾರ ಹಿಡಿದು ಬಂದ. ಹೊರಗೆ ವಿಶಾಲ್ ಅವಳ ಹೆಸರು ಕರೆಯುತ್ತಿದ್ದರು.

ವೇದಿಕೆಯ ಮೇಲೆ ಶಾಲು ಹೊದಿಸಿದರು, ಪೇಟ ತೊಡಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ದಮಯಂತಿ ಮೈಕಿನ ಮುಂದೆ ನಿಂತಳು. ಎದುರಿಗೆ ಮೊಬೈಲನ್ನು ಕಂಬಕ್ಕೆ ಕಟ್ಟಿ ಲೈವ್ ಹಾಕಿದ್ದರು. ಅದರ ಆ ಬದಿಯಲ್ಲಿ ಅಕ್ಕನ ಮನೆಯ ಜಗಲಿ, ಒತ್ತೊತ್ತಾಗಿ ಕೂತ ಹೆಂಗಸರು. ಈ ಬದಿಯಲ್ಲಿ ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ವಿಶಾಲ್. ಅವಳು ಕೈಯಲ್ಲಿದ್ದ ಹಾಳೆ ಬಿಡಿಸಿದಳು. ಓದಲು ಶುರುಮಾಡಿದಳು.

“ಮಾನ್ಯರೇ, ದೋಣಿಗಳ ಡೀಸೆಲ್ ರಿಯಾಯಿತಿಗಾಗಿ ಸದನದಲ್ಲಿ ಪಟ್ಟುಬಿಡದೆ ಎದ್ದು ನಿಂತು ಮಂತ್ರಿಗಳಿಂದ ಮಾತು ಪಡೆದ ತಮ್ಮ ಛಲಕ್ಕೆ ಕಡಲಮಕ್ಕಳು ಎಂದೆಂದಿಗೂ ಋಣಿಗಳು.”

ಚಪ್ಪಾಳೆ. ಶಾಲೆಗಳ ಬಗ್ಗೆ ಎರಡು ಮಾತು, ಮತ್ತೆ ಚಪ್ಪಾಳೆ. ಆಮೇಲೆ ಆ ಸಾಲು ಬಂತು. ಅವಳು ಹಾಳೆಯಿಂದ ಕಣ್ಣೆತ್ತಿದಳು. ಸ್ವರ ಮಾತ್ರ ಅದೇ ಸನ್ಮಾನ ಪತ್ರದ ಸ್ವರ, ಏರಿಳಿತವೂ ಅದೇ.

“ಕಡಲತೀರದ ಮಸೂದೆ ಸದನದ ಮುಂದೆ ಬಂದ ದಿನ ತಾವು ಅದಕ್ಕೆ ಹೌದು ಎಂದಿರಿ. ಪಕ್ಷದ ಕಟ್ಟಳೆಯಿಂದ ಹಾಗೆನ್ನಬೇಕಾಯಿತೆಂದು ಇಂದು ತಾವೇ ನನ್ನೊಡನೆ ತೋಡಿಕೊಂಡಿರಿ. ಮರೆಮಾಚದೆ ಆಡಿದ ಆ ಮಾತಿಗಾಗಿ ನಡುಕೊಪ್ಪಲದ ಮೀನುಗಾರ ಮಹಿಳೆಯರ ಪರವಾಗಿ ತಮಗೆ ಹೃತ್ಪೂರ್ವಕ ವಂದನೆಗಳು.”

ಇಷ್ಟು ಹೇಳಿ ಉಸಿರೆಳೆದುಕೊಳ್ಳಲು ನಿಂತಳು.

ಸಭೆ ಜೋರಾಗಿ ಚಪ್ಪಾಳೆ ಹೊಡೆಯಿತು. ಆ ಸಂಜೆಯ ಅತಿ ದೊಡ್ಡ ಚಪ್ಪಾಳೆ ಅದೇ. ಹಿಂದಿನಿಂದ ಯಾರೋ ಸೀಟಿಯನ್ನೂ ಹಾಕಿದರು. ಹೇಳಿದೆನಲ್ಲ, ಸನ್ಮಾನ ಪತ್ರವನ್ನು ಯಾರೂ ಕೇಳುವುದಿಲ್ಲ. ವಿಶಾಲ್ ಮಾತ್ರ ಅಭ್ಯಾಸಬಲದಿಂದ ಎತ್ತಿದ ಎರಡು ಕೈಗಳನ್ನು ಹಾಗೆಯೇ ಗಾಳಿಯಲ್ಲಿ ಹಿಡಿದು ಕೂತಿದ್ದರು. ಪೇಟದ ಕೆಳಗೆ ಶಾಸಕರ ಮುಖ ಕಪ್ಪಿಟ್ಟಿತು. ಆದರೂ ಇಷ್ಟು ಚಪ್ಪಾಳೆಯ ನಡುವೆ ಬೇರೇನು ಮಾಡಲು ಬರುತ್ತದೆ? ಎದ್ದು, ನಾಲ್ಕೂ ದಿಕ್ಕಿಗೆ ಕೈ ಮುಗಿದರು. ಫ್ರೇಮು ಹಾಕಿದ ಪತ್ರದಲ್ಲಿ ಆ ಸಾಲು ವಿಶಾಲ್ ಹೇಳಿದ ಹಾಗೆಯೇ ಅಚ್ಚಾಗಿತ್ತು. ಶಾಸಕರು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ವಿಮಾನ ಹತ್ತಿದರು.

ಅಕ್ಕನ ಫೋನು ಬರಲಿಲ್ಲ. ದಮಯಂತಿ ತಾನೇ ಮಾಡಿದರೆ ಎತ್ತಲೂ ಇಲ್ಲ. ಶನಿವಾರವೂ ಇಲ್ಲ. ನಂಬಿಕೊಂಡಿದ್ದ ಒಂದು ಮಾತನ್ನೂ ತೆಗೆದುಬಿಟ್ಟೆ ಎಂದು ಹೆಂಗಸರು ಸಿಟ್ಟಾದರೋ, ನೆಟ್‌ವರ್ಕ್ ಕೈಕೊಟ್ಟು ಕೇಳಿಸಲೇ ಇಲ್ಲವೋ, ಒಂದೂ ತಿಳಿಯದೆ ಅವಳು ಮನೆ ತುಂಬ ಓಡಾಡಿದಳು. “ಕೂತ್ಕೋ ಮಾರಾಯ್ತಿ,” ಎಂದ ಸುಕೇಶ. “ಕೆಲಸ ಹೋದ್ರೆ ಹೋಗ್ಲಿ. ನನ್ನ ಫ್ಯಾಮಿಲಿ ವೀಸಾದಲ್ಲಿ ಇರುವಿಯಂತೆ. ನಾನೇನು ನಿನ್ನನ್ನು ಊರಿಗೆ ಓಡಿಸ್ತೇನಾ?” ಅವಳು ಅತ್ತುಬಿಟ್ಟಳು. ಕೆಲಸದ ಹೆದರಿಕೆಗಲ್ಲ, ಅವನು ಹಾಗೆ ಹೇಳಿದ್ದಕ್ಕೆ.

ಭಾನುವಾರ ವಿಶಾಲ್ ಕರೆಸಿದರು. ಕೂರಲು ಹೇಳಲಿಲ್ಲ.

“ಮಾನ ತೆಗೆದ್ರಿ. ಚಪ್ಪಾಳೆ ಬಿತ್ತು, ಹಾಗಾಗಿ ಬಳಗದಲ್ಲಿ ಯಾರಿಗೂ ಗೊತ್ತಾಗ್ಲಿಲ್ಲ. ಇಲ್ಲದಿದ್ರೆ ನಾನು ಇವತ್ತು ನಿಮ್ಮ ಹತ್ರ ಮಾತಾಡ್ತಾನೂ ಇರ್ಲಿಲ್ಲ.” ಕಂಪ್ಯೂಟರಿನ ಕಡೆ ತಿರುಗಿ, “ಕಾರ್ಡಿನ ವಿಷಯ ನೋಡುವ,” ಎಂದರು.

ನೋಡುವ ಎಂದರೆ ಆಗುವುದು ಅನುಮಾನ ಎಂದು ಕರಾವಳಿಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಸೋಮವಾರ ಬೆಳಿಗ್ಗೆ ಅವಳು ಬಿಲ್ಲು ಮಾಡುತ್ತಿರುವಾಗ ಫೋನು ಹೊಡೆದುಕೊಂಡಿತು. ಅಕ್ಕ. ಅವಳು ಪ್ಯಾಂಟ್ರಿಗೆ ಓಡಿಹೋಗಿ ಕಿವಿಗೆ ಹಿಡಿದಳು. ಅಕ್ಕ ಮಾತಾಡಲಿಲ್ಲ. ಸೆರಗಿನ ಸರಬರ, ಕುರ್ಚಿ ಎಳೆಯುವ ಸದ್ದು, ಫ್ಯಾನಿನ ಗರಗರ. ಫೋನನ್ನು ಹಾಗೆಯೇ ಹಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಜಲಜ ವಿಚಾರಣೆಗೆ ನಿಂತಿದ್ದಳು. ಗಟ್ಟಿಯಾಗಿ ಕೇಳಿಸಿದ್ದು ಒಬ್ಬ ಅಧಿಕಾರಿಯ ಸ್ವರ, ಘಟ್ಟದ ಮೇಲಿನ ಕನ್ನಡ.

“ಎಲ್ಲರಿಗೂ ಶೆಡ್ಡು ಒಪ್ಪಿಗೆ ತಾನೆ? ಶಾಸಕರು ನಿಮಗೆಲ್ಲ ತಿಳಿಸಿ ಹೇಳಿದ್ದಾರಂತೆ. ಒಪ್ಪಿಗೆ ಇರೋರು ಹೌದು ಅನ್ನಿ.”

ಎಲ್ಲೋ ಹಿಂದಿನಿಂದ ಗಂಡಸರ ಕೆಲವು ಸ್ವರಗಳು ಹೌದು ಹೌದು ಎಂದವು. ಕಂಪನಿಯ ಕಡೆಯವರಿರಬೇಕು ಎಂದುಕೊಂಡಳು ದಮಯಂತಿ.

“ಸಾರ್, ಹಾಗೆ ಬೇಡ.” ಜಲಜಳ ಸ್ವರ. ಅಮ್ಮನ ಗಂಟಲು ಅವಳಿಗೂ ಬಂದಿತ್ತು. “ಒಟ್ಟಿಗೆ ಕೂಗುದು ಬೇಡ, ಶಾಸಕರ ಹೌದು ಎಂತದ್ದು ಅಂತ ಶುಕ್ರವಾರ ಕೇಳಿ ಆಗಿದೆ. ಒಬ್ಬೊಬ್ಬರ ಹೆಸರು ಕರೀರಿ. ಯಾರು ಎಂತ ಹೇಳಿದ್ರು ಅಂತ ಹೆಸರಿನ ಎದುರು ಬರೀರಿ.”

“ಅಷ್ಟೆಲ್ಲ ಟೈಮ್ ಇಲ್ಲಮ್ಮ.”

“ಮೀನು ಒಣಗ್ಲಿಕ್ಕೆ ಎಷ್ಟು ದಿನ ಬೇಕು ಗೊತ್ತುಂಟಾ ಸಾರ್? ನಾವು ಕಾಯ್ತೇವೆ. ನೀವೂ ಸ್ವಲ್ಪ ಕಾಯಿರಿ.”

ಯಾರೋ ನಕ್ಕರು. ಅಧಿಕಾರಿ ಗೊಣಗಿದರು. ಆಮೇಲೆ ಹಾಳೆ ತಿರುವಿದ ಸದ್ದು.

“ಅಮೀನತ್.”

“ಇಲ್ಲ.”

“ಬೀಟ್ರಿಸ್.”

“ಇಲ್ಲ ಸರ್, ನನಗೆ ಬೇಡ ಶೆಡ್ಡು.”

“ಸುಂದರಿ.”

ಸುಂದರಿಯ ಮಗನಿಗೆ ಜೆಟ್ಟಿಯಲ್ಲಿ ಕೆಲಸ ಕೊಡಿಸುತ್ತೇವೆಂದು ಯಾರೋ ಹೇಳಿದ್ದರೆಂದು ಅಕ್ಕ ಹಿಂದೊಮ್ಮೆ ಹೇಳಿದ್ದಳು. ಹೆಸರನ್ನು ಇನ್ನೊಮ್ಮೆ ಕರೆದರು. ಕೇಳಿಯೂ ಕೇಳಿಸದ ಹಾಗೆ ‘ಹೌದು’ ಎಂದಿತು ಒಂದು ಸ್ವರ. ಯಾರೂ ಅವಳನ್ನು ಬೈಯಲಿಲ್ಲ. ‘ಅಳ್ಬೇಡ ಸುಂದರಿ, ಹೇಳಿದಿಯಲ್ಲ, ಆಯ್ತು’ ಎಂದಳು ಜಲಜ.

ಪ್ಯಾಂಟ್ರಿಯ ಬಾಗಿಲಲ್ಲಿ ನೆರಳು ಬಿತ್ತು. ವಿಶಾಲ್ ನಿಂತಿದ್ದರು.

“ದಮಯಂತಿ, ಕ್ಲೈಂಟ್ ಕಾಯ್ತಿದ್ದಾರೆ. ಫೋನ್ ಇಡಿ. ಯಲ್ಲಾ, ಬೇಗ.”

ಫೋನಿನಲ್ಲಿ ಅಧಿಕಾರಿ ‘ಜಲಜ’ ಎಂದು ಕರೆದರು.

ದಮಯಂತಿ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡು ವಿಶಾಲ್ ಮುಖವನ್ನು ನೇರವಾಗಿ ನೋಡಿದಳು.

“ಇಲ್ಲ ಸರ್,” ಎಂದಳು. “ಇನ್ನೂ ಮುಗೀಲಿಲ್ಲ.”